ಒಂಟಿಕಾಲಲ್ಲಿ ಹನ್ನೊಂದು

ಮಂಗಳವಾರ ಹತ್ತಕ್ಕೆ ಮೀನುಗಾರರ ಸಂಘದ ಕೋಣೆಯಲ್ಲಿ
ಒಂಬತ್ತು ಕುರ್ಚಿ, ಒಂಬತ್ತು ಜನ.
ಹೊರಗೆ ವಾರ್ಡೊದ ಬೀದಿಯೆಲ್ಲ ಗಾಜು ಬಳಿದಂತೆ ಹಿಮ.

ಪಕ್ಕದಲ್ಲಿ ಇಂಗ್ವಾಲ್ಡ್.
ನಲವತ್ತೆರಡು ವರ್ಷ ಬಾರೆಂಟ್ಸ್ ಕಡಲಲ್ಲಿ
ತೂಗಾಡುವ ದೋಣಿಯಂಚಿಗೆ ನಿಂತು ಬಲೆ ಎಳೆದವನು,
ಒಮ್ಮೆಯೂ ಬೀಳಲಿಲ್ಲ.
ಬಿದ್ದದ್ದು ಅಡುಗೆಮನೆಯಲ್ಲಿ,
ಅಲುಗದ ನೆಲದ ಮೇಲೆ,
ಕೈಯಲ್ಲಿ ಒಂದು ಚಮಚ.

"ಈ ಕಾಲಿನ ಹೆಬ್ಬೆರಳಿಗೆ ಆ ಕಾಲಿನ ಹಿಮ್ಮಡಿ"
ಅನ್ನುತ್ತಾಳೆ ಸುನ್ನಿವಾ, ಮೊಮ್ಮಗಳ ವಯಸ್ಸಿನ ಗುರು.
ಹಲಗೆಯ ಗೆರೆ ಹಿಡಿದು ನಡೆಯುತ್ತೇವೆ.
ಒಬ್ಬರು ಓಲಾಡಿದರೆ ಎಲ್ಲರ ಉಸಿರೂ ನಿಲ್ಲುತ್ತದೆ,
ಆಮೇಲೆ ನಗು.

ಒಂಟಿಕಾಲಲ್ಲಿ ಹೋದ ವಾರ ಎಂಟು ಎಣಿಸಿದ್ದೆ, ಇಂದು ಹನ್ನೊಂದು.
ಕುರ್ಚಿಯ ಬೆನ್ನು ಬೆರಳಳತೆ ದೂರ.
ಮುಟ್ಟಲಿಲ್ಲ. ಅಲ್ಲಿದ್ದರೆ ಸಾಕು.

ಕೊನೆಯದು ಬಿದ್ದು ಏಳುವ ಪಾಠ:
ಮಗ್ಗುಲಾಗಿ, ಮೊಣಕಾಲೂರಿ, ಅಂಬೆಗಾಲಲ್ಲಿ ಕುರ್ಚಿಯತ್ತ.
ಇಂಗ್ವಾಲ್ಡ್ ಮಲಗಿದವನು ಮಲಗಿಯೇ ಇದ್ದ.
ಬಗ್ಗಿ ನೋಡಿದೆ.

"ಬೊರ್ಗ್ನಿ, ಅಂದು ಎರಡು ಗಂಟೆ ಹೀಗೇ ಬಿದ್ದಿದ್ದೆ.
ಮೇಜಿನಡಿ ಯಾರೋ ಪೆನ್ಸಿಲಲ್ಲಿ ಏನೋ ಬರೆದಿದ್ದರು,
ಕನ್ನಡಕ ಇರಲಿಲ್ಲ.
ಇವತ್ತು ಹೋಗಿ, ಬೇಕೆಂದೇ ಮಲಗಿ,
ಓದಬೇಕು."

ಮಗ್ಗುಲಾದ.
ಮೊಣಕಾಲೂರಿದ.