ಆ ಎರಡು ದಿನ

ಕೊಟ್ಟಾರ ಚೌಕಿಯಿಂದ ಒಳಕ್ಕೆ, ತಗಡಿನ ಬೇಲಿಯ ಹಿಂದೆ
ಹದಿನಾಲ್ಕು ಮಹಡಿಯ ಕಟ್ಟಡವೊಂದು
ಈಗಾಗಲೇ ಮುಗಿದಿದೆ, ನನ್ನ ಪರದೆಯಲ್ಲಿ.
ಗೋಡೆಗೆ ಬಣ್ಣ, ಬಾಲ್ಕನಿಗೆ ಗಾಜು,
ಯಾರೂ ತುಳಿಯದ ಮೆಟ್ಟಿಲು.
ಕಂಟೇನರಿನ ಬಾಗಿಲು ತೆರೆದು ನೋಡಿದರೆ ಒಂಬತ್ತೇ;
ಒಂಬತ್ತರ ಮೇಲೆ ಕಂಬಿಗಳು ತುಕ್ಕು ಹಿಡಿದು
ಆಟಿಯ ಮಳೆಗೆ ತಲೆಯೊಡ್ಡಿ ನಿಂತಿವೆ.

ಪರದೆಯ ಕೆಳಗೊಂದು ಗೆರೆ, ಗೆರೆಯ ಮೇಲೊಂದು ಗುಂಡಿ.
ಎಡಕ್ಕೆಳೆದರೆ ನಿನ್ನೆ, ಬಲಕ್ಕೆಳೆದರೆ ನಾಳೆ.
ಹಿಂದಿನ ಮಾರ್ಚಿಗೆ ಹೋದರೆ ಬರೀ ಮುರಕಲ್ಲಿನ ಹೊಂಡ,
ದೀಪಾವಳಿಗೆ ಹೋದರೆ ಲಿಫ್ಟು.
ಹೀಗೆ ಹೋಗಿ ಬಂದು ಮಾಡುತ್ತಿದ್ದಾಗ
ಒಂದು ಮಂಗಳವಾರ ಕಣ್ಣಿಗೆ ಬಿತ್ತು:

ಆಗಸ್ಟ್ ಹನ್ನೊಂದಕ್ಕೆ ಎಂಟನೆಯ ಮಹಡಿಯ ಪಡು ಅಂಚಿನಲ್ಲಿ
ಸೆಂಟ್ರಿಂಗ್ ಬಿಚ್ಚುತ್ತಾರೆ.
ತಡೆಗಂಬಿ ಬರುವುದು ಹದಿಮೂರಕ್ಕೆ.
ನಡುವೆ, ಅದೇ ಅಂಚಿನಲ್ಲಿ, ಸಮುದ್ರಕ್ಕೆ ಬೆನ್ನು ಹಾಕಿ
ಬ್ಲಾಕಿನವರು ಗೋಡೆ ಕಟ್ಟುತ್ತಾರೆ.
ಸೆಂಟ್ರಿಂಗಿನವರ ಪಟ್ಟಿ ಸರಿ. ಬ್ಲಾಕಿನವರದೂ ಸರಿ.
ಒಂದರ ಮೇಲೊಂದು ಇಟ್ಟಾಗ ಮಾತ್ರ
ಆ ಎರಡು ದಿನ ಬಾಯಿ ತೆರೆಯುತ್ತವೆ.

ಪೈಪು ತೊಲೆಗೆ ಡಿಕ್ಕಿ ಹೊಡೆದರೆ ಯಂತ್ರ ಕೆಂಪಾಗಿ ಕೂಗುತ್ತದೆ.
ಮನುಷ್ಯ ಗಾಳಿಗೆ ಡಿಕ್ಕಿ ಹೊಡೆದರೆ ಕೂಗುವುದಿಲ್ಲ;
ಗಾಳಿಯನ್ನು ಯಾರೂ ಬರೆದು ಕೊಟ್ಟಿಲ್ಲ ಅದಕ್ಕೆ.

ಹಾಗಾಗಿ ಒಬ್ಬನನ್ನು ನಿಲ್ಲಿಸಿದೆ ಅಲ್ಲಿ.
ಯಂತ್ರ ಕೊಡುವ ಮನುಷ್ಯ ಐದಡಿ ಒಂಬತ್ತಿಂಚು, ಬೂದು ಬಣ್ಣ,
ಮುಖವಿಲ್ಲ, ಹಸಿವಿಲ್ಲ, ಸದಾ ಬೂಟು.
ಅವನನ್ನು ಐದಡಿ ಎರಡಿಂಚಿಗೆ ಇಳಿಸಿದೆ,
ಮಂಗ್ಲು ಸೊರೆನ್‌ನ ಎತ್ತರ ಅಷ್ಟೇ.
ಹೆಗಲ ಮೇಲೊಂದು ಬ್ಲಾಕ್ ಇಟ್ಟೆ.
ಒಂದು ಹೆಜ್ಜೆ ಹಿಂದಕ್ಕೆ ಸರಿಸಿದೆ.
ಇನ್ನೊಂದು ಸರಿಸಲು ಕೈ ಬರಲಿಲ್ಲ,
ಚಿತ್ರವೇ ಆದರೂ.

ಡೆನ್ಜಿಲ್ ಸರ್ ಕನ್ನಡಕ ಹಣೆಗೇರಿಸಿ ನೋಡಿದರು.
"ಎರಡು ದಿವಸ ಅಲ್ವಾ ಮಾರಾಯ್ತಿ,
ಮಾರ್ನೆಮಿಗೆ ಮೊದಲು ಪ್ಲಾಸ್ಟರಿಂಗ್ ಮುಗಿಯಬೇಕು ನನಗೆ."
ಐತಪ್ಪ ಮೇಸ್ತ್ರಿ ಅಲ್ಲೇ ಇದ್ದರು, ಬಾಗಿಲಿಗೆ ಒರಗಿ,
ಬೆಂದೂರಿನ ಯಾವುದೋ ಹಳೆಯ ಸ್ಲ್ಯಾಬಿಗೆ
ಎಡ ಮಂಡಿ ಕೊಟ್ಟು ಬಂದವರು.
ಒಳಗೆ ಬಂದು, ಸಿಮೆಂಟು ಕಟ್ಟಿದ ಬೆರಳಿನಿಂದ
ಗುಂಡಿಯನ್ನು ತಾವೇ ಎಳೆದು ಹನ್ನೆರಡರ ಮೇಲೆ ನಿಲ್ಲಿಸಿದರು.
"ನಂದು ಚಾ ಕುಡಿಯುವಷ್ಟು ಹೊತ್ತಿನಲ್ಲಿ ಆದದ್ದು ಸರ್.
ಎರಡು ದಿವಸ ಎಲ್ಲ ಬೇಡ."

ಪಟ್ಟಿ ತಿರುಗಿತು. ತಡೆಗಂಬಿ ಮೊದಲು, ಉಳಿದದ್ದೆಲ್ಲ ಆಮೇಲೆ.

ಪರದೆ ಹಸಿರಾದ ಮಾತ್ರಕ್ಕೆ ಮೇಲೆ ಹಸಿರಾಗುವುದಿಲ್ಲ.
ಡಕ್ಟಿನ ಬಾಯಿ ಮುಚ್ಚಿದೆ ಎನ್ನುತ್ತಿತ್ತು ನನ್ನ ಮಾದರಿ;
ಮುಚ್ಚಿದ ಪ್ಲೈವುಡ್ ಮಧ್ಯಾಹ್ನ
ನಾಲ್ಕು ಮಂದಿಗೆ ಊಟದ ಮಣೆಯಾಗಿತ್ತು.
ಮೇಸ್ತ್ರಿ ಕೋಲಿನಿಂದ ನೆಲ ಕುಟ್ಟುತ್ತಾ ಹೋಗುತ್ತಾರೆ.
ಗಟ್ಟಿ. ಗಟ್ಟಿ. ಟೊಳ್ಳು.
ಆ ಸದ್ದು ಯಂತ್ರಕ್ಕೆ ಗೊತ್ತಿಲ್ಲ.
ಈಗ ಸಂಜೆ ಐದಕ್ಕೆ ಅವರ ಹಿಂದೆ ನಾನೂ ಹತ್ತುತ್ತೇನೆ,
ಕೈಯಲ್ಲಿ ಟ್ಯಾಬು, ಟ್ಯಾಬಿಗೊಂದು ಪ್ಲಾಸ್ಟಿಕ್ ತೊಟ್ಟೆ.
ಅವರು ಕುಟ್ಟಿದಲ್ಲಿ ನಾನು ತಿದ್ದುತ್ತೇನೆ.

ಹನ್ನೊಂದು ಬಂತು. ಹನ್ನೆರಡು ಹೋಯಿತು.
ಏನೂ ಆಗಲಿಲ್ಲ.
ಆಗದ್ದನ್ನು ಬರೆಯಲು ರಿಜಿಸ್ಟರಿನಲ್ಲಿ ಕಾಲಮ್ಮಿಲ್ಲ.
ಬೀಳದವನು ಬಂದು ಏನೂ ಹೇಳುವುದಿಲ್ಲ,
ತಾನು ಬೀಳಲಿಲ್ಲವೆಂದು ಅವನಿಗೇನು ಗೊತ್ತು?

ಹದಿಮೂರರ ಸಂಜೆ ಮಳೆ ಬಿಟ್ಟಿತ್ತು.
ಎಂಟರ ಪಡು ಅಂಚು. ದೂರ ಪಣಂಬೂರಿನ ಕ್ರೇನುಗಳು,
ಕೂಳೂರಿನ ಹೊಳೆಯಲ್ಲಿ ಕೆಂಪು ನೀರು.
ಹಳದಿ ತಡೆಗಂಬಿಯ ಮೇಲೆ ಮಂಗ್ಲು
ತನ್ನ ಚೌಕಳಿ ಟವೆಲ್ ಒಣಗಹಾಕಿ
ಫೋನಿನಲ್ಲಿ ಯಾರನ್ನೋ ಬೈಯುತ್ತಿದ್ದ.
ಕಂಬಿಯನ್ನು ಹಿಡಿದು ಅಲುಗಿಸಿ ನೋಡಿದೆ. ಅಲುಗಲಿಲ್ಲ.
ಮಾದರಿಯಲ್ಲಿ ಟವೆಲ್ ಇಲ್ಲ,
ತೆಗೆ ಎಂದೆ, ನಿಯಮ ಹಾಗಿದೆ.
ಫೋನಿಗೆ ಕೈ ಅಡ್ಡ ಹಿಡಿದು
"ಒಣಗಲಿ ದೀದಿ" ಎಂದ.

ಒಣಗಲಿ.