ತಣ್ಣಗಿರುವಾಗ

ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಡಬೇಕು.
ಬೆಚ್ಚಗಿದ್ದರೆ, ನಾವು ಬರುವ ಮುಂಚೆಯೇ ಯಾರೋ
ಎಬ್ಬಿಸಿ ಮುಖ ತೊಳೆಸಿ ಕೂರಿಸಿದ್ದಾರೆ.
ಅಂಥ ಮನೆಯಲ್ಲಿ ಟೀ ಕುಡಿದು ಎದ್ದುಬಿಡಬೇಕು.
ಕೊಣನೂರಿನ ಗ್ಯಾರೇಜಿನಲ್ಲಿ ಬಾಷು ಸಾಬರು
ನನಗೆ ಹೇಳಿಕೊಟ್ಟ ಒಂದನೇ ಪಾಠ ಇದು.
ಎರಡನೆಯದು: ಇಳಿಜಾರಿನಲ್ಲಿ ನಿಲ್ಲಿಸಿದ ಗಾಡಿಗೆ
ಸ್ಟಾರ್ಟರು ಇಲ್ಲವೆಂದೇ ತಿಳಿ.

ದೊಡ್ಡಮಗ್ಗೆಯ ಆಚೆ, ಹೊಗೆಸೊಪ್ಪಿನ ಬ್ಯಾರನ್ನಿನ ಪಕ್ಕ,
ಸಮತಟ್ಟು ನೆಲದಲ್ಲಿ, ತಣ್ಣಗೆ
ನಿಂತಿತ್ತು ಎಂಬತ್ತಾರರ ಎಚ್ಚೆಮ್ಟಿ ಜೀಟರು.
ಮೊದಲು ಯಾವ ಬಣ್ಣವಿತ್ತೋ, ಈಗ ಬಿಸಿಲಿನ ಬಣ್ಣ.
ಒಳ್ಳೆಯದೇ. ಹೊಸ ಪೇಂಟು ಹೊಡೆದವನು
ಏನನ್ನೋ ಮುಚ್ಚಿರುತ್ತಾನೆ.

ಜವರಪ್ಪ ನನ್ನ ಬೆನ್ನ ಹಿಂದೆ, ಜೇಬಿನ ಮೇಲೆ ಕೈ.
ಐನೂರು ರೂಪಾಯಿ ನನ್ನ ಕಣ್ಣಿನ ಬಾಡಿಗೆ.

ನಾನು ಡಿಪ್‌ಸ್ಟಿಕ್ಕು ಎಳೆಯುವ ಮೊದಲೇ
ಚಿಕ್ಕತಾಯಮ್ಮ ಶುರುಮಾಡಿದಳು:
"ಮೂರನೇ ಗೇರು ಇಳಿಜಾರಲ್ಲಿ ಜಾರ್ತದೆ, ಹಿಡ್ಕಂಡೇ ಇರ್ಬೇಕು.
ಎಡಗಡೆ ಬ್ರೇಕು ಬೇಗ ಕಚ್ತದೆ,
ಬಲಗಡೇದು ಯೋಚ್ನೆ ಮಾಡಿ ಕಚ್ತದೆ.
ಮೀಟ್ರು ನಿಂತು ಹನ್ನೊಂದು ವರ್ಷ, ಅದರ ಗಂಟೇನ ನಂಬ್ಬೇಡಿ.
ನೇಗ್ಲು ಎತ್ತಿಟ್ಟು ಊಟಕ್ಕೋದ್ರೆ
ಬರೋ ಹೊತ್ಗೆ ನೆಲಕ್ಕೆ ಇಳ್ದಿರ್ತದೆ."

ಜವರಪ್ಪ ನನ್ನ ಕಿವಿಯಲ್ಲಿ:
"ಇಷ್ಟು ಹೇಳ್ತಾವ್ಳೆ ಅಂದ್ರೆ
ಹೇಳ್ದೆ ಇರೋದು ಇನ್ನೆಷ್ಟಿರ್ಬೇಕು ಮೇಸ್ತ್ರಿ?"

ಎಣ್ಣೆ ಕಪ್ಪು; ಹಾಲಿನಂತೆ ಒಡೆದಿಲ್ಲ.
ರೇಡಿಯೇಟರಿನಲ್ಲಿ ತುಕ್ಕಿನ ನೀರು, ಜಿಡ್ಡಿನ ಕಾಮನಬಿಲ್ಲಿಲ್ಲ.
ಮುಂದಿನ ಚಕ್ರ ಹಿಡಿದು ಅಲುಗಿಸಿದೆ,
ಕಿಂಗ್‌ಪಿನ್ನು ಸಡಿಲ ಹಲ್ಲಿನ ಹಾಗೆ ಆಡಿತು.
ಆಮೇಲೆ ಕೀಲಿ. ಒಮ್ಮೆ ಗೊರಕೆ ಹೊಡೆದು, ಕೆಮ್ಮಿ,
ಬಿಳಿ ಹೊಗೆ ಉಗುಳಿ, ಆ ಹೊಗೆ ತೆಳುವಾಗಿ, ಇಲ್ಲವಾಗಿ
ಡುಗು ಡುಗು ಡುಗು.
ಬ್ಯಾರನ್ನಿನ ಮೇಲಿದ್ದ ಪಾರಿವಾಳಗಳು ಏಳಲಿಲ್ಲ.
ಆಯಿಲ್ ಮುಚ್ಚಳ ತೆಗೆದು ಅಂಗೈ ಅಡ್ಡ ಹಿಡಿದೆ:
ಮಲಗಿದ ಮಗುವಿನ ಉಸಿರಷ್ಟು. ರಿಂಗು ಇನ್ನೂ ಸೋತಿಲ್ಲ.

ನಿಲ್ಲಿಸಿ, ಬಗ್ಗಿ, ಅಡಿಗೆ ಟಾರ್ಚು ಬಿಟ್ಟೆ.
ಬ್ಲಾಕಿನ ಬಲಮಗ್ಗುಲಲ್ಲಿ, ಪಂಪಿನ ಹಿಂದೆ,
ಗೇಣುದ್ದದ ಹಿತ್ತಾಳೆಯ ಗೆರೆ.
ಅರ್ಧಕ್ಕೆ ನಿಂತು, ತುಸು ಬಾಗಿ, ಮತ್ತೆ ಹೊರಟ ಗೆರೆ.

ಬಾಗಿದ್ದು ಯಾಕೆಂದು ನನಗೆ ಗೊತ್ತು.
ಆಗ ನನಗೆ ಹತ್ತೊಂಬತ್ತು. ಬಾಷು ಸಾಬರಿಗೆ ಜ್ವರ.
ಗ್ಯಾಸು ತೀರುತ್ತ ಬಂದು ಜ್ವಾಲೆ ನಡುಗಿತು, ನಾನೂ.
ಎರಕದ ಕಬ್ಬಿಣ; ಒಂದು ಕಡೆ ಕಾದರೆ ಇನ್ನೊಂದು ಕಡೆ ಸೀಳುತ್ತದೆ.
ರಾತ್ರಿಯಿಡೀ ಬೂದಿಯಲ್ಲಿ ಹೂತಿಟ್ಟು ತಣಿಸಿದ್ದೆ.
ಬೆಳಿಗ್ಗೆ ಯಾರೋ ಬಂದು ಒಯ್ದರು.
"ಎರಡು ವರ್ಷ ಬಂದರೆ ಹೆಚ್ಚು" ಎಂದಿದ್ದೆ.
ಅವರ ಮುಖ ನೆನಪಿಲ್ಲ, ಗಾಡಿಯ ನಂಬರೂ ಇಲ್ಲ.
ಈ ಗೆರೆ ಮಾತ್ರ ನನ್ನ ಸಹಿಗಿಂತ ನನ್ನದು.

"ಏನದು?" ಜವರಪ್ಪ ಕುಕ್ಕರುಗಾಲಲ್ಲಿ ಕೂತ.
"ಬೆಸುಗೆ."
"ಒಡ್ದಿತ್ತಾ?"
"ಒಂದ್ಸಲ."
ಚಿಕ್ಕತಾಯಮ್ಮ ಮೇಲಿನಿಂದ:
"ನಾನು ತಕ್ಕಳೋ ಮುಂಚೇನೇ ಆಗಿತ್ತು ಅದು.
ಯಾರ್ ಮಾಡಿದ್ನೋ, ಒಂದ್ ತೊಟ್ಟು ಸೋರಿಲ್ಲ.
ಅದಕ್ಕೇ ಹೇಳೋದು ಮರ್ತೆ."

ಎಡ ಮಂಡಿಯನ್ನು ಒತ್ತಿಕೊಳ್ಳುತ್ತಿದ್ದಳು ಆಯಮ್ಮ.
ಇಪ್ಪತ್ತೆರಡು ವರ್ಷ ತುಳಿದ ಕ್ಲಚ್ಚು.
ಮಾರುವುದಕ್ಕೆ ಅದೇ ಕಾರಣವಂತೆ, ಬೇರೇನಿಲ್ಲವಂತೆ.

ಬಾಯಿಯವರೆಗೆ ಬಂತು.
ಬಾಡಿಗೆಯ ಕಣ್ಣಿಗೆ ಸ್ವಂತದ್ದು ಕಾಣಬಾರದು,
ನುಂಗಿದೆ.

ಜವರಪ್ಪ ಲೆಕ್ಕ ಹಾಕಿದ: ಟೈರಿಗೆ ಇಷ್ಟು,
ಕಿಂಗ್‌ಪಿನ್ನಿಗೆ ಇಷ್ಟು, ಮೂರನೇ ಗೇರಿಗೆ ಇಷ್ಟು.
ಕೊನೆಗೆ "ಬೆಸುಗೆ ಬಿದ್ದ ಬ್ಲಾಕು ಬೇರೆ" ಎಂದು
ಐದು ಸಾವಿರ ಕಳೆದ.
ಆಯಮ್ಮ ನನ್ನ ಕಡೆ ನೋಡಿದಳು.
"ಬೆಸುಗೆ ಗಟ್ಟಿಯಿದೆ" ಎಂದೆ. ಅಷ್ಟೇ ಎಂದೆ.
ಎರಡು ಸಾವಿರ ವಾಪಸು ಬಂತು.

ಆವತ್ತು ಆ ಗೆರೆಗೆ ನಾನು ಕೇಳಿದ್ದು
ನೂರಾ ಎಂಬತ್ತು ರೂಪಾಯಿ.
ಮೂವತ್ತು ಬಾಕಿ ಇಟ್ಟು ಹೋಗಿದ್ದರು,
ಸಂತೆಯ ದಿನ ಕೊಡುತ್ತೇವೆಂದು.