ಹನ್ನೊಂದನೇ ಪ್ರಶ್ನೆ

ಸೂಪರ್ ಮಾರ್ಕೆಟ್ಟಿನ ಟಂಟಂ ಸ್ಟ್ಯಾಂಡಿನಲ್ಲಿ
ಬೆಳಿಗ್ಗೆ ಏಳೂವರೆಯಿಂದ ಮಧ್ಯಾಹ್ನ ಮೂರರ ತನಕ
ನನ್ನ ಪಾಳಿ.
ಕೊರಳಲ್ಲಿ ಗುರುತಿನ ಚೀಟಿ, ತೊಡೆಯ ಮೇಲೆ ರಟ್ಟು,
ರಟ್ಟಿನ ಮೇಲೆ ಹದಿನಾಲ್ಕು ಪ್ರಶ್ನೆಯ ಹಾಳೆ.
ದಿನಕ್ಕೆ ಅರವತ್ತು ತುಂಬಿದರೆ ಆರುನೂರು ರೂಪಾಯಿ.
ಐವತ್ತೊಂಬತ್ತಾದರೆ ಏನೆಂದು
ನಾನು ಕೇಳಿಲ್ಲ.

ಎಲ್ಲಿಂದ ಬಂದಿರಿ, ಎಲ್ಲಿಗೆ ಹೊರಟಿರಿ,
ಯಾವುದರಲ್ಲಿ, ಎಷ್ಟು ಹೊತ್ತು, ಯಾತಕ್ಕೆ.
ಹತ್ತರವರೆಗೆ ಜನ ಹೇಳುತ್ತಾರೆ.
ಹನ್ನೊಂದಕ್ಕೆ ನಗುತ್ತಾರೆ:
ನಗರದಲ್ಲಿ ರೈಲು ಬಂದರೆ
ಎಷ್ಟು ಕೊಡಲು ಸಿದ್ಧರಿದ್ದೀರಿ?

"ಯವ್ವಾ, ರೈಲ ಎಲ್ಲದ?" ಅಂದಳೊಬ್ಬಳು
ರಸ್ತೆಯುದ್ದಕ್ಕೂ ಕಣ್ಣು ಹಾಯಿಸಿ,
ಈಗಷ್ಟೇ ಬಂದು ತಪ್ಪಿಹೋಯಿತೇನೋ ಎಂಬಂತೆ.

ರೈಲು ಇರುವುದು ಸ್ಟೇಷನ್ ರಸ್ತೆಯ ಲಾಡ್ಜಿನ
ಎರಡನೇ ಮಹಡಿಯಲ್ಲಿ.
ಗೋಡೆಗೆ ಟೇಪು ಹಚ್ಚಿದ ನಕ್ಷೆಯಲ್ಲಿ
ಕಪನೂರಿನಿಂದ ಹೊರಟು, ಹುಮನಾಬಾದ ಬೇಸ್, ಜಗತ್ ದಾಟಿ
ಸ್ಟೇಷನ್ ತನಕ ಒಂದು ಕೆಂಪು ಗೆರೆ.
ಪೆನ್ನು ಜಾರಿ ಅಪ್ಪನ ಕೆರೆಯ ಹತ್ತಿರ
ಕೊಂಚ ನೀರಿಗಿಳಿದಿದೆ.
"ಅದನ್ನ ತಿದ್ದಬಹುದು," ಅನ್ನುತ್ತಾರೆ ಸುಧೀಂದ್ರ ಸಾಹೇಬರು.
"ದುಡ್ಡು ತಿದ್ದಲಿಕ್ಕಾಗೋದಿಲ್ಲ."

ಐದರಲ್ಲೊಂದು ಪಾಲು ಕೇಂದ್ರದ್ದು, ಒಂದು ರಾಜ್ಯದ್ದು,
ಮೂರು ಪಾಲು ದೂರದ ದೇಶದ ಬ್ಯಾಂಕಿನ ಸಾಲ.
ಆ ಬ್ಯಾಂಕು ಕೇಳುವುದು ಒಂದೇ ಮಾತು:
ದಟ್ಟಣೆಯ ಗಂಟೆಯಲ್ಲಿ, ಒಂದೇ ದಿಕ್ಕಿಗೆ, ಎಷ್ಟು ತಲೆ?
ಎಂಟು ಸಾವಿರ ಬೇಕಂತೆ.
ನಮ್ಮ ಕೈಲಿರುವುದು ಐದು ಸಾವಿರದ ಇನ್ನೂರು.
ಮಿಕ್ಕ ತಲೆ ಎಲ್ಲಿಂದ ತರೋಣ ಎಂದು
ಸಾಹೇಬರು ಫ್ಯಾನು ನೋಡುತ್ತ ಕೂತಿದ್ದರು.

ಲಾಲಅಹ್ಮದನ ಟಂಟಮ್ಮಿನ ಮೇಲೆ ಬರೆದಿರುವುದು ಆರು ಸೀಟು.
ಕೂತವರು ಹನ್ನೊಂದು;
ಒಬ್ಬನ ಮೊಣಕಾಲು ಹೊರಗೆ, ಗಾಳಿಯ ಪಾಲು.
"ನನ್ನ ಹೆಸರು ಬರೀಬ್ಯಾಡ್ರಿ ಮೇಡಮ್.
ನನ್ನ ಮಂದೀನ ಒಯ್ಯೋ ರೈಲಿಗಿ ನಾನೇ ಸಾಕ್ಷಿ ಹೇಳ್ಲೇನು?"
ಆಮೇಲೆ, ಗೇರು ಹಾಕುವ ಮುನ್ನ, ದನಿ ತಗ್ಗಿಸಿ:
"ಕಂಬ ಎಲ್ಲೆಲ್ಲಿ ಬರ್ತಾವ?
ಬುಡಕ ನೆಳ್ಳ ಬೀಳ್ತದಲಾ,
ಅಲ್ಲಿ ಸ್ಟ್ಯಾಂಡ ಕೊಡ್ತಾರೇನು ಕೇಳ್ರಿ."
ಇತರೆ ಎಂಬ ಖಾನೆಯಲ್ಲಿ ಬರೆದೆ: ನೆರಳು.

ಏಳು ಮುಕ್ಕಾಲಿಗೆ ಹೆಂಗಸರು ಬರುತ್ತಾರೆ
ಹನ್ನೆರಡೋ ಹದಿಮೂರೋ, ಡಬ್ಬಿ ಕಂಕುಳಲ್ಲಿಟ್ಟು,
ಕಪನೂರಿನ ಬೇಳೆ ಮಿಲ್ಲಿಗೆ.
ನಿಂತ ಟಂಟಮ್ಮುಗಳ ನಡುವೆ ನುಸುಳಿ
ನಡೆದೇ ಹೋಗುತ್ತಾರೆ.
ಮುಂದಿನಾಕೆ ಕಾಶೀಬಾಯಿ. ಆಕೆ ನಿಲ್ಲುವುದಿಲ್ಲ,
ಅದಕ್ಕೆ ನಾನೇ ಜೊತೆಗೆ ನಡೆದೆ.
"ಹೋಗೂದು ಹದಿನೈದು, ಬರೂದು ಹದಿನೈದು.
ಕೂತು ಹೋದರ ತಿಂಗಳಿಗೊಂದು ಸಿಲಿಂಡರಿನ ರೊಕ್ಕ
ಹೊಗಿ ಆಗಿ ಹೋಗ್ತದ ತಂಗಿ. ಕಾಲು ಪುಗಸಟ್ಟೆ."
ಹನ್ನೊಂದನೆಯದು ಕೇಳಿದೆ.
ಆಕೆ ನಗಲಿಲ್ಲ. ಎಂಟು ಹತ್ತು ಹೆಜ್ಜೆ ಲೆಕ್ಕ ಹಾಕಿದಳು.
"ಐದು," ಅಂದಳು. "ಕೂಡಾಕ ಜಾಗ ಸಿಕ್ಕರ ಆರು."

ಹಾಳೆಯಲ್ಲಿ ಬಸ್ಸಿದೆ, ಟಂಟಂ ಇದೆ,
ಬೈಕು, ಕಾರು, ಸೈಕಲ್ಲು ಸಹ ಇದೆ.
ಕಾಲು ಇಲ್ಲ.
ದರ ಶುರುವಾಗುವುದೇ ಹದಿನೈದರಿಂದ.

"ನಡೆಯುವವರು ಬೇಡಿಕೆಯಲ್ಲ," ಎಂದರು ಸಾಹೇಬರು,
ಸಿಟ್ಟಿನಿಂದಲ್ಲ,
ಕಾಗುಣಿತ ತಿದ್ದುವ ಮಾಸ್ತರರ ಹಾಗೆ.
ತುಸು ಹೊತ್ತು ಬಿಟ್ಟು,
"ಎಷ್ಟು ಮಂದಿ ಇದ್ದಾರೆ?"
ನನಗೂ ಗೊತ್ತಿರಲಿಲ್ಲ.

ಈಗ ಒಂದು ತಾಸು ಮೊದಲೇ ಬರುತ್ತೇನೆ,
ಪಗಾರಿಲ್ಲದ ತಾಸು. ಮುಚ್ಚಿದ ಅಂಗಡಿಯ ಮುಂದೆ
ಶಹಾಬಾದಿ ಕಲ್ಲು ಇನ್ನೂ ತಣ್ಣಗಿರುತ್ತದೆ.
ಹಾಳೆಯ ಬೆನ್ನಿಗೆ ಪೆನ್ಸಿಲ್ಲಿನಲ್ಲಿ
ನಾಲ್ಕು ಗೀರು, ಐದನೆಯದು ಅಡ್ಡ.
ಹಳಿಯಂತೆ ಕಾಣುತ್ತದೆ ಎಂದರೆ ಸುಳ್ಳಾದೀತು;
ಮುಳ್ಳುಬೇಲಿಯಂತಿದೆ.

ಇವತ್ತು ಕಾಶೀಬಾಯಿ ತಾನಾಗಿ ನಿಂತಳು,
ಬಾಗಿ, ಗೀರುಗಳನ್ನು ಬೆರಳಲ್ಲಿ ಎಣಿಸಿದಳು.
"ಒಂದು ಕಮ್ಮಿ ಆಯ್ತು ನೋಡು.
ನಿಂಬೆವ್ವ ಬಂದಿಲ್ಲ. ಆಕೀನೂ ಹಿಡಿ,
ಬರೇ ಜ್ವರ."